ಸೋಲಾರ್‌ಗೆ ಬ್ಯಾಟರಿ ಸೇರಿಸುವ ಮುಂಚೆ ಇದನ್ನು ಓದಿ

ಮನೆ ಮೇಲೆ ಆಗಲೇ ಸೋಲಾರ್ ಇದೆ, ಈಗ ಒಂದು ಬ್ಯಾಟರಿ ಸೇರಿಸೋಣ ಅಂತಿದ್ದೀರಾ? ದುಡ್ಡು ಕೊಡುವ ಮುಂಚೆ ನಮ್ಮ ಮನೆಯಲ್ಲಿ ಆದದ್ದು ಕೇಳಿ.

ನಮ್ಮದು ಶಿರಸಿ ಹತ್ತಿರದ ಹಳ್ಳಿ. ಮಾಡಿನ ಮೇಲೆ 3 ಕಿಲೋವ್ಯಾಟ್ ಪ್ಯಾನೆಲ್, ಹೆಸ್ಕಾಂ ಲೈನಿಗೆ ಸೇರುವ ಆನ್‌ಗ್ರಿಡ್ ಇನ್ವರ್ಟರ್. ಲೈನಲ್ಲಿ ಕರೆಂಟು ಹೋದ ಕೂಡಲೇ ಇದೂ ನಿಲ್ಲುತ್ತದೆ. ಬೇಕಂತಲೇ ಹಾಗೆ ಮಾಡಿರುತ್ತಾರೆ, ಇಲ್ಲದಿದ್ದರೆ ಕಂಬ ಹತ್ತಿದ ಲೈನ್‌ಮನ್ ಗತಿ ಏನು? ಆದರೆ ಮಳೆಗಾಲದಲ್ಲಿ ನಮ್ಮ ಕಡೆ ತಂತಿಗೆ ಮರ ಬೀಳದ ವಾರವೇ ಇಲ್ಲ. ಅಷ್ಟು ದುಡ್ಡು ಹಾಕಿಯೂ ಕತ್ತಲಲ್ಲಿ ಕೂರೋದು ಅಂದರೆ ಸಿಟ್ಟು ಬರುತ್ತೆ ಅಲ್ವಾ?

ಬ್ಯಾಟರಿ ಮಾರುವವರೊಬ್ಬರು ಬಂದು ನೋಡಿದರು. "ಪ್ಯಾನೆಲ್, ಬ್ಯಾಟರಿ, ಲೈನು ಮೂರನ್ನೂ ಒಂದೇ ನೋಡಿಕೊಳ್ಳೋ ಹೈಬ್ರಿಡ್ ಇನ್ವರ್ಟರ್ ಎಲ್ಲ ಸುಮ್ನೆ ಖರ್ಚು ಮಾರಾಯ್ರೆ. ಒಂದು ಯುಪಿಎಸ್, ಎರಡು ಟ್ಯೂಬ್ಯುಲರ್ ಬ್ಯಾಟರಿ ಸಾಕು. ಕರೆಂಟು ಹೋದ್ರೂ ಪ್ಯಾನೆಲ್ ನಡೆಯೋ ಹಾಗೆ ಮಾಡಿಕೊಡ್ತೇನೆ" ಅಂದರು. ಮಾಡಿದ್ದೇನು ಅಂದರೆ, ಸೋಲಾರ್ ಇನ್ವರ್ಟರಿನ ವೈರನ್ನು ಮೇನ್ ಕಡೆಯಿಂದ ಬಿಚ್ಚಿ ಯುಪಿಎಸ್‌ನ ಔಟ್‌ಪುಟ್ಟಿಗೆ ಸೇರಿಸಿದರು.

ಮಳೆಗಾಲ ಪೂರ್ತಿ ಏನೂ ತೊಂದರೆ ಇಲ್ಲ. ಕರೆಂಟು ಹೋದರೂ ಸೋಲಾರ್ ಇನ್ವರ್ಟರಿನ ಹಸಿರು ದೀಪ ಉರಿಯುತ್ತಿತ್ತು, ಬಂದ ನೆಂಟರಿಗೆಲ್ಲ ತೋರಿಸಿದ್ದೇ ತೋರಿಸಿದ್ದು. ಮೋಡದಲ್ಲಿ ಪ್ಯಾನೆಲ್ ಕೊಡುವುದೇ ಅಷ್ಟಕ್ಕಷ್ಟೆ. ಅದು ಫ್ರಿಜ್ಜು, ಫ್ಯಾನಿಗೇ ಮುಗಿದುಹೋಗುತ್ತಿತ್ತು.

ಮಳೆ ಬಿಟ್ಟು ಬಿಸಿಲು ಬಂತು ನೋಡಿ. ಒಂದು ಮಧ್ಯಾಹ್ನ ಕರೆಂಟು ಹೋಯಿತು. ಯುಪಿಎಸ್ ಕೊಡುತ್ತಿದ್ದ 230 ವೋಲ್ಟನ್ನೇ ಸೋಲಾರ್ ಇನ್ವರ್ಟರ್ ಹೆಸ್ಕಾಂ ಲೈನು ಅಂದುಕೊಂಡು ಪೂರ್ತಿ ಜೋರಲ್ಲಿ ಕರೆಂಟು ತಳ್ಳಿತು. ಮನೆಗೆ ಬೇಕಾದದ್ದು ಅದರ ಕಾಲುಭಾಗವೂ ಅಲ್ಲ. ಲೈನಿಗೆ ಹೋಗಲು ದಾರಿ ಇಲ್ಲ. ಉಳಿದದ್ದೆಲ್ಲ ಯುಪಿಎಸ್‌ಗೆ ಹಿಂದಿನಿಂದ ನುಗ್ಗಿ ಬ್ಯಾಟರಿ ಸೇರಿತು. ಅದನ್ನು ತಡೆಯುವ ವ್ಯವಸ್ಥೆ ಮಾಮೂಲಿ ಯುಪಿಎಸ್‌ನಲ್ಲಿ ಇರುವುದಿಲ್ಲ.

ಮೊದಲು ಬಂದದ್ದು ಕೊಳೆತ ಮೊಟ್ಟೆಯ ವಾಸನೆ. ಜಗಲಿಗೆ ಹೋಗಿ ನೋಡಿದರೆ ಬ್ಯಾಟರಿ ಒಳಗೆ ಕೊತಕೊತ ಸದ್ದು. ನೀರಿನ ಮಟ್ಟ ತೋರಿಸುವ ಬೆಂಡಿನ ಸುತ್ತ ಆಸಿಡ್ ಉಕ್ಕುತ್ತಿದೆ, ಒಂದು ಬ್ಯಾಟರಿಯ ಪಕ್ಕ ಉಬ್ಬಿದೆ. ಸೋಲಾರಿನ ಎಂಸಿಬಿ ಸ್ವಿಚ್ಚು ಇಳಿಸುವಷ್ಟರಲ್ಲಿ ಯುಪಿಎಸ್ ಢಬ್ ಅಂತು. ಹೀಗೆ ಕುದಿಯುವ ಬ್ಯಾಟರಿಯಿಂದ ಹೈಡ್ರೋಜನ್ ಬರುತ್ತದೆ, ಒಂದು ಕಿಡಿ ತಾಗಿದ್ದರೆ ಜಗಲಿಯೇ ಉಳಿಯುತ್ತಿರಲಿಲ್ಲ.

ವಾರಂಟಿ ಕೇಳಬೇಡಿ. ಬ್ಯಾಟರಿ ಕಂಪನಿಯವರು ಓವರ್‌ಚಾರ್ಜ್ ಅಂದರು. ಸೋಲಾರ್‌ನವರು ವೈರಿಂಗ್ ಬದಲಿಸಿದ್ದು ನಾವಲ್ಲ ಅಂದರು. ಬದಲಿಸಿದವರು ಫೋನೇ ಎತ್ತುತ್ತಿಲ್ಲ.

ಕಡಿಮೆ ಖರ್ಚಿನ ದಾರಿ ಇದೆ. ಸೋಲಾರ್ ಮೇನ್ ಕಡೆ ಇದ್ದಲ್ಲೇ ಇರಲಿ. ದೀಪ, ಫ್ಯಾನು, ಫ್ರಿಜ್ಜಿನ ಸರ್ಕ್ಯೂಟ್ ಮಾತ್ರ ಬೇರೆ ಮಾಡಿ ಯುಪಿಎಸ್‌ಗೆ ಕೊಡಿ. ಕರೆಂಟು ಹೋದಾಗ ಪ್ಯಾನೆಲ್ ನಿಲ್ಲುತ್ತದೆ, ನಿಲ್ಲಲಿ. ಪ್ಯಾನೆಲ್ ನಡೆಯಲೇಬೇಕು ಅಂದರೆ ಹಳೆ ಇನ್ವರ್ಟರ್ ತೆಗೆದು ಹೈಬ್ರಿಡ್ ಹಾಕಬೇಕು. ಇಲ್ಲವೇ ಆನ್‌ಗ್ರಿಡ್ ಜೊತೆ ಕೆಲಸ ಮಾಡಲೆಂದೇ ತಯಾರಾದ ಬ್ಯಾಟರಿ ಇನ್ವರ್ಟರ್ ಬೇಕು. ಬ್ಯಾಟರಿ ತುಂಬಿದಾಗ ಅದು ಫ್ರೀಕ್ವೆನ್ಸಿಯನ್ನು 50 ಹರ್ಟ್ಸ್‌ಗಿಂತ ಸ್ವಲ್ಪ ಏರಿಸುತ್ತದೆ, ಅದನ್ನು ನೋಡಿ ಸೋಲಾರ್ ಇನ್ವರ್ಟರ್ ಕರೆಂಟು ತಗ್ಗಿಸುತ್ತದೆ ಅಥವಾ ನಿಲ್ಲುತ್ತದೆ. ಲೈನಿಗೆ ಕೊಟ್ಟ ಕರೆಂಟನ್ನೂ ಲೆಕ್ಕ ಹಾಕುವ ನೆಟ್ ಮೀಟರ್ ಇದ್ದರೆ ಇನ್ವರ್ಟರ್ ಬದಲಿಸುವ ಮುಂಚೆ ಹೆಸ್ಕಾಂಗೆ ತಿಳಿಸಿ.

ಮಾರುವವರಿಗೆ ಇಷ್ಟೇ ಕೇಳಿ: "ಬಿಸಿಲಿದೆ, ಕರೆಂಟಿಲ್ಲ, ಬ್ಯಾಟರಿ ತುಂಬಿದೆ. ಹೆಚ್ಚಾದ ಕರೆಂಟು ಎಲ್ಲಿ ಹೋಗುತ್ತೆ?" ತಡವರಿಸಿದರೆ ಚಹಾ ಕೊಟ್ಟು ಕಳಿಸಿ.

ಈಗಾಗಲೇ ಸೋಲಾರ್ ಜೊತೆ ಮಾಮೂಲಿ ಯುಪಿಎಸ್ ಇದ್ದವರು ಬೆಳಿಗ್ಗೆ ಎಳೆಬಿಸಿಲಲ್ಲಿ ಮೇನ್ ಇಳಿಸಿ, ಹತ್ತು ನಿಮಿಷ ಸೋಲಾರ್ ಇನ್ವರ್ಟರ್ ಮುಂದೆ ನಿಂತು ನೋಡಿ. ಅದು ಮತ್ತೆ ಕರೆಂಟು ಕೊಡಲು ಶುರು ಮಾಡಿದರೆ ಕೂಡಲೇ ಅದರ ಎಂಸಿಬಿ ಇಳಿಸಿ. ವೈರಿಂಗ್ ಸರಿ ಮಾಡಿಸುವವರೆಗೆ ಏರಿಸಬೇಡಿ.