ಪಾಂಪೆ ಬೀದಿಯ ಎಂಡಿಎಫ್ ಕಿಟ್: ಬೀದಿ ಚೆಂದ, ಚಾವಣಿಯದೇ ಬೇಸರ

ಮೊದಲು ಚಾವಣಿಯ ವಿಷಯ ಹೇಳಿಬಿಡುತ್ತೇನೆ. ಮರದ ನಾರು ಒತ್ತಿ ಮಾಡಿದ ಎಂಡಿಎಫ್ ಹಲಗೆಯ ತುಂಡುಗಳನ್ನು ಜೋಡಿಸಿ 1:72 ಅಳತೆಯಲ್ಲಿ, ಅಂದರೆ ನಿಜದ ಕಟ್ಟಡದ 72ನೇ ಒಂದು ಭಾಗದಷ್ಟು, ಮಾದರಿ ಕಟ್ಟುವ ಈ ಕಿಟ್‌ನಲ್ಲಿ ಇಟಲಿಯಲ್ಲಿ ಜ್ವಾಲಾಮುಖಿಯ ಬೂದಿಯಡಿ ಹೂತುಹೋದ ರೋಮನ್ ಊರು ಪಾಂಪೆಯ ಒಂದು ಸಾಲು ಅಂಗಡಿ, ಹಿಂದೆ ಒಂದು ದೊಡ್ಡ ಮನೆ ಬರುತ್ತವೆ. ತುಂಡುಗಳು ಒಂದಕ್ಕೊಂದು ಬಿಗಿಯಾಗಿಯೇ ಕೂರುತ್ತವೆ. ಆದರೆ ಹೆಂಚು ಇರಬೇಕಾದ ಕಡೆ ಬರೀ ಗೆರೆ! ಚಪ್ಪಟೆ ಹಲಗೆಯ ಮೇಲೆ ಲೇಸರ್‌ನಲ್ಲಿ ಸುಟ್ಟು ಎಳೆದ ಗೆರೆ, ಅಷ್ಟೇ. ಸಾಗಣೆ ಖರ್ಚು ಸೇರಿ 5,000 ರೂಪಾಯಿ ಹತ್ತಿರ ಕೊಟ್ಟ ಮೇಲೆ ಸಿಟ್ಟು ಬರುತ್ತದೆ.

ಮೇಜಿನ ಮೇಲಿನ ಊರನ್ನು ನಾವು ನೋಡುವುದೇ ಮೇಲಿನಿಂದ. ಕಣ್ಣಿಗೆ ಮೊದಲು ಬೀಳುವುದು ಚಾವಣಿ. ಇಟಾಲೊ ಗಿಸ್ಮೊಂಡಿ 1:250 ಅಳತೆಯಲ್ಲಿ ಕಟ್ಟಿದ ಪ್ರಾಚೀನ ರೋಮ್ ನಗರದ ಮಾದರಿಯ ಫೋಟೊ ನೋಡಿದ್ದೀರಲ್ವಾ? ಅಲ್ಲಿ ಊರು ಅನಿಸುವುದೇ ಆ ಚಾವಣಿಗಳಿಂದ. ರೋಮನ್ನರ ಹೆಂಚಿನಲ್ಲಿ ಎರಡು ಬಗೆ. ಅಂಚು ಮೇಲೆದ್ದ ಚಪ್ಪಟೆ ಹೆಂಚು ತೆಗುಲಾ. ಎರಡು ತೆಗುಲಾಗಳ ಸಂದಿನ ಮೇಲೆ ನಮ್ಮ ನಾಡಹೆಂಚಿನ ಹಾಗೆ ಕವುಚಿ ಕೂರುವುದು ಇಂಬ್ರೆಕ್ಸ್. ಈ ಉಬ್ಬು ಸಾಲುಗಳ ನೆರಳು ಬೀಳದಿದ್ದರೆ ಅದು ರೋಮನ್ ಚಾವಣಿಯೇ ಅಲ್ಲ.

ಕೊನೆಗೆ ನಾನೇ ಹೆಂಚು ಹೊದಿಸಿದೆ. ದಪ್ಪ ಕಾಗದದ ಮೇಲೆ 6 ಮಿಲಿಮೀಟರಿಗೊಂದು ಟೂತ್‌ಪಿಕ್ ಅಂಟಿಸಿ, ಅಷ್ಟೇ ಅಂತರಕ್ಕೆ ಬ್ಲೇಡಿನಿಂದ ಸಣ್ಣ ಗಾಯ ಮಾಡಿದರೆ ಹೆಂಚಿನ ಸಾಲು ಸಿದ್ಧ. ಖರ್ಚು ಏನೂ ಇಲ್ಲ, ಸಮಯ ಮಾತ್ರ ಜಾಸ್ತಿ. ಕಿಟ್ ಮಾಡಿದವರು ಇದನ್ನು ಕೊಡಬಹುದಿತ್ತು.

ಚಾವಣಿ ಎತ್ತಿ ಪಕ್ಕಕ್ಕಿಟ್ಟು ಕೆಳಗೆ ನೋಡಿದರೆ ಮಾತೇ ಬೇರೆ. ಬೀದಿ ದಾಟುವ ಎತ್ತರದ ಕಲ್ಲುಗಳನ್ನು ಬಿಡಿಬಿಡಿಯಾಗಿ ಕೊಟ್ಟಿದ್ದಾರೆ, ನಡುವೆ ಗಾಡಿ ಚಕ್ರ ಹೋಗುವಷ್ಟು ಜಾಗ ಸರಿಯಾಗಿ ಬಿಟ್ಟಿದ್ದಾರೆ. ಊಟದಂಗಡಿಯ ಕಟ್ಟೆಯಲ್ಲಿ ಮಡಕೆ ಹುದುಗಿಸುವ ದುಂಡನೆಯ ತೂತುಗಳೂ ಇವೆ. 2020ರಲ್ಲಿ ಪಾಂಪೆಯಲ್ಲಿ ಪೂರ್ತಿ ಅಗೆದು ತೆಗೆದ ಅಂಗಡಿಯ ಕಟ್ಟೆಯ ಮೇಲೆ ಹುಂಜ, ಬಾತುಕೋಳಿಗಳ ಚಿತ್ರ ಇದೆಯಲ್ಲ, ಅದನ್ನು ನೋಡಿಕೊಂಡೇ ನನ್ನ ಕಟ್ಟೆಗೂ ಬಣ್ಣ ಹಾಕಿದೆ.

ರಾತ್ರಿ ಊಟ ಆದ ಮೇಲೆ ಟೇಬಲ್ ಲ್ಯಾಂಪ್ ಹಾಕಿಕೊಂಡು ಕೂರುತ್ತೇನೆ. ದಿನಕ್ಕೆ ಒಂದೇ ಗೋಡೆ. ಸೀಮೆಸುಣ್ಣದ ಪುಡಿ ಜರಡಿ ಹಿಡಿದು ಫೆವಿಕಾಲ್ ಜೊತೆ ಕಲಸಿ ತೆಳ್ಳಗೆ ಬಳಿಯುವುದು, ಒದ್ದೆ ಸ್ಪಂಜಿನಿಂದ ತಟ್ಟುವುದು. ಮರುದಿನ ಕೆಳಭಾಗಕ್ಕೆ ಗಾಢ ಕೆಂಪು, ಮೇಲೆ ಮಾಸಲು ಬಿಳಿ. ಕಂದು ಬಣ್ಣದ ನೀರು ಹರಿಸಿ ಬಟ್ಟೆಯಲ್ಲಿ ಒರೆಸಿದರೆ ಗೋಡೆಗೆ ವಯಸ್ಸಾಗುತ್ತದೆ. ಕೊನೆಗೆ ಬಿಳಿಯ ಮೇಲೆ ಕೆಂಪು ಅಕ್ಷರ. ಪಾಂಪೆಯ ಗೋಡೆಗಳ ತುಂಬಾ ಚುನಾವಣೆಯ ಬರಹಗಳಿದ್ದವು, ಇವರಿಗೆ ಮತ ಕೊಡಿ ಅಂತ. ಈ ಅಳತೆಯಲ್ಲಿ ಅದು ಓದಲು ಬರುವುದಿಲ್ಲ, ಆದರೂ ಅಕ್ಷರ ತಪ್ಪದಂತೆ ಬರೆಯುತ್ತೇನೆ. ಆಗ ಸಿಗುವ ಖುಷಿಗೆ ಕೊಟ್ಟ ದುಡ್ಡು ಸಾರ್ಥಕ ಅನಿಸುತ್ತದೆ.

ಮಳೆಗಾಲದಲ್ಲಿ ಎಂಡಿಎಫ್ ಅಂಚು ಸ್ವಲ್ಪ ಉಬ್ಬುತ್ತದೆ. ಜೋಡಿಸುವ ಮೊದಲೇ ವಾರ್ನಿಷ್ ಬಳಿಯಿರಿ.

ಕೊಳ್ಳುವುದಾದರೆ ಅಂಗಡಿ ಸಾಲನ್ನು ಮಾತ್ರ ತೆಗೆದುಕೊಳ್ಳಿ, ಬಿಡಿಯಾಗಿಯೂ ಮಾರುತ್ತಾರೆ. ಅದರದ್ದು ಒಂದೇ ಇಳಿಜಾರು, ಹೆಂಚು ಹೊದಿಸುವುದು ಸುಲಭ. ದೊಡ್ಡ ಮನೆಯ ಚಾವಣಿ ನಾಲ್ಕೂ ಕಡೆಯಿಂದ ಒಳಗೆ ಇಳಿದು, ನಡುವಿನ ಕೊಳಕ್ಕೆ ಮಳೆನೀರು ಬೀಳುವಂಥದ್ದು. ಅಲ್ಲಿ ಮೂಲೆಯ ಹೆಂಚು ಒಂದೊಂದನ್ನೂ ಓರೆಯಾಗಿ ಕತ್ತರಿಸಬೇಕು. ಅಷ್ಟು ತಾಳ್ಮೆ ಇದ್ದರೆ ಮಾತ್ರ ಎರಡನ್ನೂ ತರಿಸಿ.