ರಸ್ತೆಯ ಗುಂಡಿಗೂ ಹಂಪ್‌ಗೂ ಯಾವ ಶಾಕ್? ಒಂದೇ ಕಾರು, ನಾಲ್ಕು ದಾರಿ

ಕಾರಿನ ಶಾಕ್ (ಸ್ಪ್ರಿಂಗಿನ ಕುಣಿತ ತಡೆಯುವ ಶಾಕ್ ಅಬ್ಸಾರ್ಬರ್) ಗಟ್ಟಿಯಾದಷ್ಟೂ ಗುಂಡಿಗೆ ಒಳ್ಳೆಯದು ಅನ್ನುವವರೂ ಮೆತ್ತಗಾದಷ್ಟೂ ಸುಖ ಅನ್ನುವವರೂ ಬೆಂಗಳೂರಿನ ಜೆ.ಸಿ. ರಸ್ತೆಯ ಬಿಡಿಭಾಗಗಳ ಅಂಗಡಿಸಾಲಿನಲ್ಲಿ ಒಟ್ಟಿಗೇ ಸಿಗುತ್ತಾರೆ. ಇಬ್ಬರೂ ಹೇಳುತ್ತಿರುವುದು ಅರ್ಧ ಶಾಕಿನ ಕಥೆ. ಚಕ್ರ ಮೇಲೇರುವಾಗ ತಡೆಯುವುದು ಕಂಪ್ರೆಷನ್, ಕುಗ್ಗಿದ ಸ್ಪ್ರಿಂಗ್ ಮತ್ತೆ ಹಿಗ್ಗುವಾಗ ಹಿಡಿಯುವುದು ರಿಬೌಂಡ್. ಗುಂಡಿಯ ಅಂಚು ಬೆನ್ನಿಗೆ ಹೊಡೆಯುತ್ತಿದ್ದರೆ ಮೊದಲನೆಯದು ಹೆಚ್ಚಾಗಿದೆ. ಹಂಪು (ರಸ್ತೆಯುಬ್ಬು) ದಾಟಿದ ಮೇಲೂ ಕಾರು ದೋಣಿಯ ಹಾಗೆ ತೂಗುತ್ತಿದ್ದರೆ ಎರಡನೆಯದು ಸಾಲದು.

ಇದನ್ನು ಸರಿಪಡಿಸುವ ನಾಲ್ಕು ದಾರಿಗಳನ್ನು ನೋಡಿದ್ದು ಮುಂದೆ ಮ್ಯಾಕ್‌ಫರ್ಸನ್ ಸ್ಟ್ರಟ್ (ಶಾಕು, ಸ್ಪ್ರಿಂಗು ಒಂದೇ ಕಂಬದಲ್ಲಿ), ಹಿಂದೆ ಟಾರ್ಷನ್ ಬೀಮ್ (ಎರಡೂ ಚಕ್ರ ಜೋಡಿಸುವ ಅಡ್ಡತೊಲೆ) ಇರುವ ಮಾಮೂಲಿ ಹ್ಯಾಚ್‌ಬ್ಯಾಕ್‌ನಲ್ಲಿ; ಟೈರ್ 165/80 ಆರ್14, ಅಂದರೆ ಅಗಲ 165 ಮಿ.ಮೀ., ಸೈಡ್‌ವಾಲ್ (ಟೈರಿನ ಪಕ್ಕದ ಗೋಡೆ) ಅದರ ಶೇ. 80, ರಿಮ್ 14 ಇಂಚು. ಪ್ರತಿ ಸಲವೂ ಕಾರಿನಲ್ಲಿ ಇಬ್ಬರೇ, ಓಡಿಸಿದ ರಸ್ತೆಗಳೂ ಅವೇ: ಚರ್ಚ್ ಸ್ಟ್ರೀಟಿನ ಕಲ್ಲುಹಾಸು, ವೈಟ್‌ಟಾಪಿಂಗ್ ಆದ ರಸ್ತೆಯ ಕಾಂಕ್ರೀಟ್ ಜಾಯಿಂಟುಗಳು, ಬಡಾವಣೆಯ ಒಳರಸ್ತೆಯ ಹಂಪುಗಳು, ಕೊನೆಗೆ ನೈಸ್ ರಸ್ತೆಯಲ್ಲಿ ಗಂಟೆಗೆ 80 ಕಿ.ಮೀ. ಹಂಪಿಗೂ ಒಂದು ಮಾನದಂಡ ಇದೆ. ಇಂಡಿಯನ್ ರೋಡ್ಸ್ ಕಾಂಗ್ರೆಸ್ ಹೇಳುವುದು 3.7 ಮೀಟರ್ ಅಗಲ, 10 ಸೆಂ.ಮೀ. ಎತ್ತರ, 25 ಕಿ.ಮೀ. ವೇಗದಲ್ಲಿ ದಾಟುವಂತೆ. ನಮ್ಮ ಒಳರಸ್ತೆಯ ಎಷ್ಟೋ ಹಂಪುಗಳು ಆ ಎತ್ತರವನ್ನು ಮಾತ್ರ ಪಾಲಿಸಿ ಅಗಲವನ್ನು ಮರೆತಿವೆ.

ನಾಲ್ಕು ದಾರಿಗಳಲ್ಲಿ ಮೊದಲನೆಯದು ಟೈರಿನ ಗಾಳಿ. ಇದಕ್ಕೆ ಖರ್ಚಿಲ್ಲ, ಆದ್ದರಿಂದಲೇ ಯಾರೂ ಗಮನ ಕೊಡುವುದಿಲ್ಲ. ಚಾಲಕನ ಬಾಗಿಲ ಚೌಕಟ್ಟಿನ ಚೀಟಿಯಲ್ಲಿ 33 ಪಿಎಸ್‌ಐ ಎಂದಿದ್ದರೆ ಅದು ತಣ್ಣಗಿನ ಟೈರಿನ ಲೆಕ್ಕ. ಅರ್ಧ ಗಂಟೆ ಟ್ರಾಫಿಕ್‌ನಲ್ಲಿ ಓಡಿ ಬಂಕಿಗೆ ಬಂದಾಗ ಅದೇ ಟೈರು 36–37 ತೋರಿಸುತ್ತದೆ. ಅಲ್ಲಿ 33ಕ್ಕೆ ಇಳಿಸಿದರೆ ಮರುದಿನ ಬೆಳಿಗ್ಗೆ 30ರ ಆಸುಪಾಸು ಉಳಿದಿರುತ್ತದೆ. 38ಕ್ಕೆ ಹೊಡೆಸಿದಾಗ ಚರ್ಚ್ ಸ್ಟ್ರೀಟಿನಲ್ಲಿ ಡ್ಯಾಶ್‌ಬೋರ್ಡ್ ಗಡಗಡ ಅಂದಿತು. 33ಕ್ಕೆ ತಂದಾಗ ಅದೇ ಶಾಕು, ಬೇರೆಯದೇ ಕಾರು. 30ಕ್ಕೆ ಇಳಿಸಿದರೆ ಸುಖ ಇನ್ನೂ ತುಸು ಹೆಚ್ಚುತ್ತದೆ, ಆದರೆ ತಿರುವಿನಲ್ಲಿ ಸ್ಟೀರಿಂಗ್ ಮಂಕಾಗುತ್ತದೆ. ಅದಕ್ಕೂ ಕೆಳಗೆ ಹೋಗಲೇಬೇಡಿ: ಗುಂಡಿಯ ಅಂಚಿಗೂ ರಿಮ್ಮಿಗೂ ನಡುವೆ ಸೈಡ್‌ವಾಲ್ ಸಿಕ್ಕಿ ಒಳದಾರ ಹರಿಯುತ್ತದೆ, ಆಮೇಲೆ ಅಲ್ಲೊಂದು ಬುಗುಟು ಏಳುತ್ತದೆ. ನೈಟ್ರೋಜನ್ ಹೊಡೆಸಿದರೆ ಮೆತ್ತಗಾಗುತ್ತದೆ ಅನ್ನುವುದು ಸುಳ್ಳು. ಮಾಮೂಲಿ ಗಾಳಿಯಲ್ಲೂ ಅದೇ ನೂರಕ್ಕೆ 78 ಭಾಗ ಇದೆ.

ಎರಡನೆಯದು ಸ್ಪ್ರಿಂಗ್ ಬಫರ್. ಸುರುಳಿಯ ಎರಡು ಸುತ್ತಿನ ನಡುವೆ ತೂರಿಸುವ ರಬ್ಬರ್ ಅಥವಾ ಯುರೆಥೇನ್ ಬಳೆ. ಹತ್ತು ನಿಮಿಷದ ಕೆಲಸ, ಕಾರು ತುಸು ಎತ್ತರವಾಗುತ್ತದೆ, ಹಂಪಿಗೆ ಹೊಟ್ಟೆ ತಾಗುವುದು ನಿಲ್ಲುತ್ತದೆ. ಇಷ್ಟಕ್ಕೇ ಜನ ಮರುಳಾಗುವುದು. ಒಳಗೆ ಆಗುವುದು ಬೇರೆ. ಆರು ಸುತ್ತು ಕೆಲಸ ಮಾಡುವ ಸ್ಪ್ರಿಂಗಿನಲ್ಲಿ ಒಂದು ಸುತ್ತು ಕಟ್ಟಿಹೋದರೆ ಉಳಿದ ಐದರ ಗಡಸು ನೂರಕ್ಕೆ 20 ಭಾಗ ಹೆಚ್ಚುತ್ತದೆ, ಶಾಕು ಮಾತ್ರ ಹಳೆಯದೇ. ಗಡಸು ಸ್ಪ್ರಿಂಗನ್ನು ಹಿಡಿಯಲು ಅದರ ರಿಬೌಂಡ್ ಸಾಲದೆ ಹಿಂಭಾಗ ಚೆಂಡಿನ ಹಾಗೆ ಪುಟಿಯುತ್ತದೆ. ಕಾಂಕ್ರೀಟ್ ಜಾಯಿಂಟುಗಳ ಮೇಲೆ ಇದು ಸ್ಪಷ್ಟ: ಪ್ರತಿ ಜಾಯಿಂಟಿಗೂ ಹಿಂದಿನ ಸೀಟಿನವರಿಗೆ ಒಂದು ಗುದ್ದು. ಮುಂದಿನ ಸ್ಟ್ರಟ್ಟಿಗೆ ಹಾಕಿದರೆ ಮೇಲಿನ ಮೌಂಟಿಂಗ್ ಬೇಗ ಹೋಗುತ್ತದೆ. ಡಿಕ್ಕಿಯಲ್ಲಿ ಸಿಎನ್‌ಜಿ ಸಿಲಿಂಡರ್ ಕೂತು ಹಿಂಭಾಗ ಜಗ್ಗಿದ್ದರೆ ಹಿಂದಿನ ಜೋಡಿಗೆ ಮಾತ್ರ ಬಫರ್ ಒಪ್ಪಬಹುದು. ಅಲ್ಲೂ ಭಾರಕ್ಕೆ ತಕ್ಕ ಸ್ಪ್ರಿಂಗೇ ಸರಿ.

ಕಂಪನಿ ಅಳತೆಯ ಹೊಸ ಗ್ಯಾಸ್ ಶಾಕ್ ಮೂರನೆಯ ದಾರಿ. ಬರೀ ಎಣ್ಣೆಯ ಶಾಕ್ ಸಾಲು ಗುಂಡಿಗಳಲ್ಲಿ ಬಿಸಿಯಾಗಿ ಒಳಗೆ ನೊರೆ ಕಟ್ಟುತ್ತದೆ. ನೊರೆಗೆ ತಡೆಯುವ ಶಕ್ತಿ ಇಲ್ಲ. ಕಡಿಮೆ ಒತ್ತಡದ ನೈಟ್ರೋಜನ್ ತುಂಬಿದ ಟ್ವಿನ್ ಟ್ಯೂಬ್ (ಕೊಳವೆಯೊಳಗೆ ಕೊಳವೆ) ಶಾಕಿನಲ್ಲಿ ಆ ನೊರೆ ಕಡಿಮೆ. ಮೊದಲ ಸ್ವಲ್ಪ ದಿನ ಸಣ್ಣ ಏರುತಗ್ಗಿನಲ್ಲಿ ಬಿಗಿ ಅನಿಸುತ್ತದೆ, ಆಮೇಲೆ ಸರಿಹೋಗುತ್ತದೆ. ಹಂಪು ಇಳಿದ ಮೇಲೆ ಕಾರು ಒಂದೇ ತೂಗಿಗೆ ನಿಂತಿತು, ನೈಸ್ ರಸ್ತೆಯಲ್ಲಿ ಲೇನ್ ಬದಲಿಸುವಾಗ ಬಾಲ ಎಳೆಯಲಿಲ್ಲ.

ಆದರೆ ಇಲ್ಲಿ ಕೈಕೊಡುವುದು ಶಾಕಲ್ಲ, ಫಿಟ್ಟಿಂಗ್. ಶಾಕ್ ಜೋಡಿಯಾಗಿಯೇ ಬದಲಾಗಬೇಕು. ಸ್ಟ್ರಟ್ ಬಿಚ್ಚಿದ ಮೇಲೆ ಮೌಂಟಿಂಗ್, ಬೇರಿಂಗ್, ಬಂಪ್ ಸ್ಟಾಪ್ (ಶಾಕ್ ಪೂರ್ತಿ ಕುಗ್ಗಿದಾಗ ತಡೆಯುವ ಮೆತ್ತೆ), ಧೂಳಿನ ಬೂಟು ಕೂಡ ಹೊಸದೇ ಇರಲಿ. ಪುಡಿಯಾದ ಬಂಪ್ ಸ್ಟಾಪ್ ಬಿಟ್ಟರೆ ದೊಡ್ಡ ಗುಂಡಿಯಲ್ಲಿ ಹೊಸ ಶಾಕಿನ ತಳವೇ ಒಡೆಯುತ್ತದೆ. ಕೂರಿಸುವ ಮೊದಲು ಶಾಕನ್ನು ನೆಟ್ಟಗೆ ಹಿಡಿದು ನಾಲ್ಕೈದು ಸಲ ಪೂರ್ತಿ ಒತ್ತಿ ಬಿಟ್ಟು ಒಳಗಿನ ಗಾಳಿ ತೆಗೆಯಬೇಕು. ನಡುವಿನ ನಟ್ ಬಿಗಿಯುವಾಗ ರಾಡ್ ತಿರುಗುತ್ತದೆಂದು ಹೊಳಪು ಭಾಗವನ್ನು ಪ್ಲೈಯರ್‌ನಲ್ಲಿ ಹಿಡಿದರೆ ಗೀರು ಬಿದ್ದು ಸೀಲ್ ಹರಿದು ಕೆಲವೇ ತಿಂಗಳಲ್ಲಿ ಎಣ್ಣೆ ಸೋರುತ್ತದೆ. ರಾಡಿನ ತುದಿಯನ್ನು ಅಲೆನ್ ಕೀಲಿಯಲ್ಲಿ ಹಿಡಿಯಬೇಕು. ಎಲ್ಲಕ್ಕಿಂತ ಹೆಚ್ಚು ತಪ್ಪುವುದು ಲೋಯರ್ ಆರ್ಮಿನ (ಚಕ್ರವನ್ನು ಕೆಳಗಿನಿಂದ ಹಿಡಿಯುವ ತೋಳಿನ) ಬೋಲ್ಟು. ಕಾರು ಲಿಫ್ಟ್ ಮೇಲೆ, ಚಕ್ರ ಜೋತಾಡುತ್ತಿರುವಾಗಲೇ ಬಿಗಿದುಬಿಡುತ್ತಾರೆ. ಕಾರು ನೆಲಕ್ಕಿಳಿದಾಗ ಆ ತೋಳಿನ ರಬ್ಬರ್ ಬುಶ್ ತಿರುಚಿಕೊಂಡೇ ಕೂರುತ್ತದೆ. ಸವಾರಿ ಗಡಸಾಗುತ್ತದೆ, ಬುಶ್ ಬೇಗ ಹರಿಯುತ್ತದೆ. ಕಾರಿನ ಭಾರ ಚಕ್ರದ ಮೇಲೆ ಬಿದ್ದ ಮೇಲೆಯೇ ಕೊನೆಯ ಬಿಗಿತ. ಆಮೇಲೆ ಚಕ್ರಗಳ ಅಲೈನ್‌ಮೆಂಟ್. ಇಷ್ಟಾದರೂ 'ಕಟಕಟ' ಬಂದರೆ ಲಿಂಕ್ ರಾಡ್ (ಕಾರು ವಾಲದಂತೆ ತಡೆಯುವ ಅಡ್ಡಸರಳಿನ ಕೊಂಡಿ) ನೋಡಿ.

ನಾಲ್ಕನೆಯದು ಕ್ಲಿಕ್ ಶಾಕ್, ಅಂದರೆ ತಿರುಪು ತಿರುಗಿಸಿ ಗಡಸು ಹೊಂದಿಸುವ ಕಾಯಿಲ್‌ಓವರ್ (ಶಾಕಿನ ಸುತ್ತಲೇ ಸ್ಪ್ರಿಂಗ್ ಇರುವ) ಕಿಟ್. ಬೆಲೆ ಹಲವು ಪಟ್ಟು. ಒಂದೇ ತಿರುಪು ಇರುವ ಹೆಚ್ಚಿನ ಕಿಟ್‌ಗಳಲ್ಲಿ ಬದಲಾಗುವುದು ಮುಖ್ಯವಾಗಿ ರಿಬೌಂಡ್. ಅದಕ್ಕೇ ಗೊಂದಲ. ಸಿಗ್ನಲ್ಲಿನ ಮೊದಲು ಬಳಿಯುವ ಬಿಳಿ ರಂಬಲ್ ಪಟ್ಟಿಗಳ ಮೇಲೆ ಕಾರು ಗಡಸಾಗಿ ಬಡಿದರೆ ಜನ ಕಂಪ್ರೆಷನ್ನನ್ನು ದೂರುತ್ತಾರೆ. ನಿಜಕ್ಕೂ ರಿಬೌಂಡ್ ಅತಿಯಾಗಿ, ಮೊದಲ ಪಟ್ಟಿಗೆ ಕುಗ್ಗಿದ ಚಕ್ರ ಕೆಳಗೆ ಬರುವ ಮೊದಲೇ ಎರಡನೆಯದು ಎದುರಾಗಿರುತ್ತದೆ. ಐದಾರು ಪಟ್ಟಿ ಮುಗಿಯುವಷ್ಟರಲ್ಲಿ ಸಸ್ಪೆನ್ಷನ್ ಬಂಪ್ ಸ್ಟಾಪಿನ ಮೇಲೆ ಕೂತಿರುತ್ತದೆ. ಇಂಥಲ್ಲಿ ಔಷಧಿ ಮೆತ್ತಗಾಗಿಸುವುದೇ.

ತಿರುಪನ್ನು ಪೂರ್ತಿ ಬಿಗಿದು ಅಲ್ಲಿಂದ ಹಿಂದಕ್ಕೆ ಎಣಿಸುವುದು ವಾಡಿಕೆ. ಆದರೆ ಹೊಂದಿಸುವಾಗ ಮೊದಲು ನಾಲ್ಕೂ ಚಕ್ರದ ಶಾಕ್ ಪೂರ್ತಿ ಮೆತ್ತಗಿಟ್ಟು ಹಂಪು ದಾಟಿ. ಒಂದೇ ತೂಗಿಗೆ ನಿಲ್ಲುವ ತನಕ ಎರಡೆರಡು ಕ್ಲಿಕ್ ಬಿಗಿಯುತ್ತ ಬನ್ನಿ. ಆಮೇಲೆ ರಂಬಲ್ ಪಟ್ಟಿಯ ಮೇಲೆ ಓಡಿಸಿ ಗಡಸಾದರೆ ಒಂದು ಕ್ಲಿಕ್ ಬಿಡಿ. 16 ಕ್ಲಿಕ್ಕಿನ ಕಿಟ್‌ನಲ್ಲಿ ಪೂರ್ತಿ ಬಿಗಿಯಿಂದ ಮುಂದೆ 9, ಹಿಂದೆ 12 ಹಿಂದಕ್ಕೆ ಬಿಟ್ಟಾಗ ಹದವಾಯಿತು. ಖಾಲಿ ಕಾರಿನ ಹಿಂಭಾಗ ಹಗುರ, ಅದಕ್ಕೆ ಮುಂದಿನಷ್ಟು ಬಿಗಿ ಬೇಡ. ಎಡಬಲ ಒಂದೇ ಎಣಿಕೆ ಇರಲಿ.

ಕಿಟ್‌ನ ಕೆಳಗಿನ ಉಂಗುರ ತಿರುಗಿಸಿದರೆ ಸ್ಪ್ರಿಂಗ್ ಗಡಸಾಗುತ್ತದೆ ಅನ್ನುವುದೂ ತಪ್ಪು. ಸಾಮಾನ್ಯ ಸ್ಪ್ರಿಂಗಿನಲ್ಲಿ ಬದಲಾಗುವುದು ಕಾರಿನ ಎತ್ತರ ಮಾತ್ರ. ಅಂದಕ್ಕೆಂದು 25 ಮಿ.ಮೀ. ಇಳಿಸಿದರೆ ನಮ್ಮ ಹಂಪುಗಳಿಗೆ ಸೈಲೆನ್ಸರ್ ಅರ್ಪಣೆ.

ಈ ನಾಲ್ಕರಲ್ಲಿ ದಿನದ ಓಡಾಟಕ್ಕೆ ಮೂರನೆಯದನ್ನೇ ಹಾಕಿಸಿ, ಗಾಳಿ 33ಕ್ಕೆ ಇಟ್ಟು. ವಾರಾಂತ್ಯಕ್ಕೆ ಘಟ್ಟ ಹತ್ತುವವರು ಕ್ಲಿಕ್ ಶಾಕಿಗೆ ಹಣ ಹಾಕಬಹುದು. ಆದರೆ ಮೊದಲೇ 195/55 ಆರ್16 ಅಲಾಯ್ ಹಾಕಿಸಿಕೊಂಡಿದ್ದರೆ ಶಾಕಿನಿಂದ ಹೆಚ್ಚು ನಿರೀಕ್ಷಿಸಬೇಡಿ: ಟೈರಿನ ಹೊರ ಅಳತೆ ಹೆಚ್ಚುಕಡಿಮೆ ಅಷ್ಟೇ ಇದ್ದರೂ ಸೈಡ್‌ವಾಲ್ 132 ಮಿ.ಮೀ.ಯಿಂದ 107ಕ್ಕೆ ಇಳಿದಿರುತ್ತದೆ. ಕಲ್ಲುಹಾಸಿನ ಸಣ್ಣ ನಡುಕವನ್ನು ಮೊದಲು ನುಂಗಬೇಕಾದದ್ದು ಆ ರಬ್ಬರೇ.