ಬ್ರೌನಿಂಗ್ ಸೂಪರ್‌ಪೋಸ್ಡ್: ಚಿತ್ತಾರ ಆಮೇಲೆ, ಮೊದಲು ಬಟ್‌ಪ್ಲೇಟ್ ಬಿಚ್ಚಿ

ಒಂದರ ಮೇಲೊಂದು ನಳಿಗೆಯಿರುವ ಹಳೆಯ ಕೋವಿಗಳಲ್ಲಿ ಒಂದನ್ನೇ ಇಟ್ಟುಕೊಳ್ಳುವುದಾದರೆ ಅದು ಬೆಲ್ಜಿಯಂನ ಎಫ್‌ಎನ್ ಕಾರ್ಖಾನೆಯ ಸೂಪರ್‌ಪೋಸ್ಡ್ ಆಗಿರಲಿ. ಇದು ಜಾನ್ ಮೋಸೆಸ್ ಬ್ರೌನಿಂಗ್ ಅವರ ಕೊನೆಯ ವಿನ್ಯಾಸ. 1926ರಲ್ಲಿ ಅವರು ತೀರಿಕೊಂಡ ಮೇಲೆ ಮಗ ವ್ಯಾಲ್ ಕೆಲಸ ಮುಂದುವರಿಸಿದರು. ಮಾರುಕಟ್ಟೆಗೆ ಬಂದದ್ದು 1931ರಲ್ಲಿ.

ಕೆಳಗಿನ ನಳಿಗೆ ಮೊದಲು ಹಾರಿಸಿದರೆ ಒದೆತ ನೇರ ಭುಜಕ್ಕೆ ಬರುತ್ತದೆ. ಮೂತಿ ಹೆಚ್ಚು ಏಳುವುದಿಲ್ಲ, ಎರಡನೇ ಗುರಿ ಬೇಗ ಸಿಗುತ್ತದೆ. ಬಿಚ್ಚುವಾಗ ಒಂದು ಎಚ್ಚರ: ಇದರ ಫೋರೆಂಡ್, ಅಂದರೆ ನಳಿಗೆಗಳ ಕೆಳಗೆ ಮುಂಗೈ ಹಿಡಿಯುವ ಮರ, ಕಳಚಿ ಕೈಗೆ ಬರುವುದಿಲ್ಲ. ಲ್ಯಾಚ್ ತೆರೆದು ಮುಂದಕ್ಕೆ ಜಾರಿಸಿದರೆ ನಳಿಗೆಗಳ ಮೇಲೆಯೇ ನಿಲ್ಲುತ್ತದೆ. ಗೊತ್ತಿಲ್ಲದವರು ಜಗ್ಗಿ ಮರ ಸೀಳುತ್ತಾರೆ.

ಈ ಕೋವಿಯ ನಿಜವಾದ ರೋಗ ಉಪ್ಪು. 1960ರ ದಶಕದ ಕೊನೆಯಲ್ಲಿ ಬೇಡಿಕೆ ಏರಿದಾಗ ವಾಲ್‌ನಟ್ ಮರವನ್ನು ಬೇಗ ಒಣಗಿಸಲು ಉಪ್ಪು ಬಳಸಿದರು. ಮರದಲ್ಲೇ ಉಳಿದ ಆ ಉಪ್ಪು ಗಾಳಿಯ ತೇವ ಹೀರಿ, ತಾಗಿದ ಉಕ್ಕನ್ನೆಲ್ಲ ಒಳಗಿಂದ ತಿನ್ನುತ್ತದೆ. ಸುಮಾರು 1966ರಿಂದ 1972ರವರೆಗಿನ ಕೋವಿಗಳಲ್ಲಿ ಈ ಅನುಮಾನ ಇರಲೇಬೇಕು. ಆ ಕಾಲದ್ದೆಲ್ಲ ಕೆಟ್ಟಿದೆ ಎಂದಲ್ಲ, ಪರೀಕ್ಷೆ ಮಾತ್ರ ಬಿಡಬಾರದು. ಕೊಡಗಿನಂಥ ಮಳೆನಾಡಿನಲ್ಲಿ ಇಡುವವರಂತೂ ಬಿಡಲೇಬಾರದು.

ಭುಜಕ್ಕೆ ಆನಿಸುವ ತುದಿಯ ತಟ್ಟೆ, ಅಂದರೆ ಬಟ್‌ಪ್ಲೇಟಿನ ಸ್ಕ್ರೂ ತೆಗೆಯಿರಿ. ಸ್ಕ್ರೂವಿನ ಎಳೆಗಳಲ್ಲಿ ಕೆಂಪು ಪುಡಿ, ಗುಂಡಿಬಿದ್ದ ತುಕ್ಕು ಕಂಡರೆ ಅಲ್ಲೇ ಅರ್ಧ ಉತ್ತರ ಸಿಕ್ಕಿತು. ಉಳಿದರ್ಧಕ್ಕೆ, ಪಾಲಿಶ್ ತಾಗದ ಒಳಮರದ ಮೇಲೆ ಶೇಕಡಾ 1ರ ಸಿಲ್ವರ್ ನೈಟ್ರೇಟ್ ಒಂದು ಹನಿ ಬಿಡಿ. ಹನಿ ಹಾಲುಬಿಳಿಯಾದರೆ ಉಪ್ಪಿದೆ. ಕೈಗೆ ಗ್ಲೋವ್ಸ್ ಇರಲಿ, ಚರ್ಮಕ್ಕೆ ತಾಗಿದರೆ ಕಪ್ಪು ಕಲೆ ದಿನಗಟ್ಟಲೆ ಹೋಗುವುದಿಲ್ಲ. ಫೋರೆಂಡ್ ಮರವನ್ನೂ ಹೀಗೇ ನೋಡಿ. ವಾರ್ನಿಷ್ ಬಳಿದು ಉಪ್ಪು ತಡೆಯುತ್ತೇವೆ ಎನ್ನುವವರನ್ನು ನಂಬಬೇಡಿ. ಇದಕ್ಕೆ ಮರ ಬದಲಿಸುವುದೇ ಮದ್ದು.

ನಳಿಗೆ ಮುಚ್ಚಿದಾಗ, ಕೋವಿ ತೆರೆಯುವ ಮೇಲಿನ ಲಿವರ್ ನಡುವಿಗಿಂತ ಸ್ವಲ್ಪ ಬಲಕ್ಕೆ ನಿಂತರೆ ಸವೆತ ಕಡಿಮೆ. ಎಡಕ್ಕೆ ದಾಟಿದ್ದರೆ ಬೆಲೆ ಇಳಿಸಿ ಕೇಳಿ. ಸಿಂಗಲ್ ಟ್ರಿಗರ್ ಎರಡನೇ ನಳಿಗೆಗೆ ಹೋಗುವುದು ಒದೆತದ ಬಲದಿಂದ. ಆದ್ದರಿಂದ ಡಮ್ಮಿ ತೋಟಾ ಹಾಕಿ ಒಮ್ಮೆ ಎಳೆದ ಮೇಲೆ, ಕೋವಿಯ ಹಿಂತುದಿಗೆ ಅಂಗೈಯಿಂದ ಗುದ್ದಿ ಮತ್ತೆ ಎಳೆಯಿರಿ. ಗುದ್ದಿದರೂ ಎರಡನೇ ಹ್ಯಾಮರ್ ಬೀಳದಿದ್ದರೆ ಒಳಗೆ ಜಿಡ್ಡು ಗಟ್ಟಿಯಾಗಿರಬಹುದು, ಇಲ್ಲವೇ ಭಾಗ ಸವೆದಿರಬಹುದು.

ನಳಿಗೆಯ ಮೂತಿ ಎಷ್ಟು ಕಿರಿದಾಗಿದೆ (ಚೋಕ್) ಎಂದು ಹೇಳುವ ಗುರುತೂ ಓದಿ: ಒಂದು ನಕ್ಷತ್ರ ಫುಲ್ ಚೋಕ್, ಎರಡು ಮಾಡಿಫೈಡ್, ಮೂರು ಸಿಲಿಂಡರ್. ಈ ಹಳೆಯ ನಳಿಗೆಗಳಲ್ಲಿ ಉಕ್ಕಿನ ಚರೆಯ ತೋಟಾ ಬಳಸಲೇಬೇಡಿ, ಸೀಸದ್ದೇ ಸರಿ.

ಫೆಲಿಕ್ಸ್ ಫುಂಕೆನ್ ಅವರ ಕೆತ್ತನೆ ವಿಭಾಗದಿಂದ ಬಂದ ಪಿಜನ್, ಡಯಾನಾ, ಮೈಡಾಸ್ ಗ್ರೇಡ್‌ಗಳು ಕಣ್ಣು ತುಂಬುವಂಥವು. ಆದರೆ ಶಸ್ತ್ರಾಸ್ತ್ರ ಕಾಯ್ದೆಯ 2019ರ ತಿದ್ದುಪಡಿಯ ನಂತರ ನಮ್ಮಲ್ಲಿ ಸಾಮಾನ್ಯವಾಗಿ ಒಬ್ಬರಿಗೆ ಎರಡೇ ಬಂದೂಕು. ಉಪ್ಪು ತಿಂದ ಮೈಡಾಸಿಗಿಂತ ಮರ ಶುದ್ಧವಿರುವ ಸಾದಾ ಗ್ರೇಡ್ 1 ಆ ಜಾಗಕ್ಕೆ ತಕ್ಕದ್ದು.